ಊರಿಗೊಂದು ಸಂಘ: ಕಟ್ಟುವ ಬಗೆ, ಕಾಯುವ ಬಗೆ

ಕಡೂರಿನಿಂದ ಚಿಕ್ಕಮಗಳೂರಿಗೆ ಹೋಗುವಾಗ ನಡುವೆ ಸಖರಾಯಪಟ್ಟಣ ಸಿಗುತ್ತದೆ. ಅಲ್ಲಿ ಇಳಿದು ಬಾಬಾಬುಡನ್ ಗಿರಿಯ ಕಡೆಗೆ ಹೊರಟರೆ ಬೆಟ್ಟದ ಬುಡದಲ್ಲಿ ಅಯ್ಯನಕೆರೆ. ವೇದಾ ಹೊಳೆಗೆ ಏರಿ ಹಾಕಿ ನಿಲ್ಲಿಸಿದ ನೀರು. ಕಟ್ಟಿಸಿದವನು ಸಖರಾಯಪಟ್ಟಣದ ಪಾಳೆಯಗಾರ ರುಕ್ಮಾಂಗದರಾಯ ಎಂಬುದು ಪ್ರತೀತಿ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಅದರ ಜೀರ್ಣೋದ್ಧಾರವಾಯಿತು. ಕಟ್ಟಿದ ಮಾತು ಪ್ರತೀತಿಯಾಗಿ ಉಳಿದಿದೆ. ದುರಸ್ತಿ ಮಾಡಿದ್ದಕ್ಕೆ ಮಾತ್ರ ಇಸವಿ ಇದೆ.

ಹಳಬರಿಗೆ ದುರಸ್ತಿಯ ಬೆಲೆ ಗೊತ್ತಿತ್ತು. ಕನ್ನಡ ನಾಡಿನ ಶಾಸನಗಳನ್ನು ನೋಡಿದರೆ, ಕೆರೆ ಕಟ್ಟಿಸಿದ ಸುದ್ದಿಯ ಬೆನ್ನಿಗೇ ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ಮಾತುಗಳು ಬರುತ್ತವೆ. ಕೆರೆ ಕಟ್ಟಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಬಿಟ್ಟುಕೊಟ್ಟ ಭೂಮಿ ಅದು. ಹೂಳು ಹೊರುವ ಕೆರೆಬಂಡಿಗೂ ದತ್ತಿ ಇರುತ್ತಿತ್ತು. ಕಟ್ಟಿದ ವರ್ಷದ ಉತ್ಸಾಹ ಮುಂದಿನ ವರ್ಷ ಇರುವುದಿಲ್ಲ ಎಂದು ತಿಳಿದೇ ಅವರು ಆ ಏರ್ಪಾಡು ಮಾಡಿದ್ದು.

ಈಗ ಊರೂರಲ್ಲಿ ಸಂಘ ಕಟ್ಟುವವರು ಮರೆಯುವುದು ಇದೊಂದನ್ನೇ. ನೋಂದಣಿ ಪತ್ರಕ್ಕೆ ಚೌಕಟ್ಟು ಹಾಕಿಸುತ್ತೇವೆ, ಉದ್ಘಾಟನೆಗೆ ಶಾಮಿಯಾನ ಹಾಕಿಸುತ್ತೇವೆ. ಮೂರನೇ ವರ್ಷ ನಡಾವಳಿ ಪುಸ್ತಕ ಯಾರ ಮನೆಯ ಅಟ್ಟದಲ್ಲಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗದಂತೆ, ಲಾಭದ ಉದ್ದೇಶವಿಲ್ಲದ ಒಂದು ಸಂಸ್ಥೆಯನ್ನು ಕಟ್ಟಿ ನಡೆಸುವುದು ಹೇಗೆ ಎಂಬುದನ್ನು ಇಲ್ಲಿ ಹಂತಹಂತವಾಗಿ ನೋಡೋಣ.

ಮಾತಿಗೆ ಒಂದು ಕಲ್ಪನೆಯ ಉದಾಹರಣೆ ಇಟ್ಟುಕೊಳ್ಳೋಣ. ಸಖರಾಯಪಟ್ಟಣದ ಹತ್ತು ಗೆಳೆಯ ಗೆಳತಿಯರು. ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬರು ತೆಂಗಿನ ತೋಟದವರು, ಒಬ್ಬರು ಔಷಧಿ ಅಂಗಡಿ ಇಟ್ಟವರು, ಇಬ್ಬರು ಬೆಂಗಳೂರಲ್ಲಿ ಕೆಲಸ ಮಾಡುವವರು. ಹೋಬಳಿಯ ಹೈಸ್ಕೂಲು ಮಕ್ಕಳಿಗೆ ಸಂಜೆ ಪಾಠ ಮತ್ತು ಓದುವ ಕೋಣೆ ನಡೆಸಬೇಕು ಎಂಬುದು ಇವರ ಆಸೆ.

ಮೊದಲ ಪ್ರಶ್ನೆ: ಹೊಸ ಸಂಘ ಬೇಕೇ?

ಇದನ್ನು ಕೇಳಿಕೊಳ್ಳದೆ ಮುಂದೆ ಹೋಗಬಾರದು. ಓದುವ ಕೋಣೆಯೇ ಬೇಕಾದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಈಗ ‘ಅರಿವು ಕೇಂದ್ರ’ ಎಂಬ ಹೆಸರಲ್ಲಿ ಇದೆ. ಶಾಲೆಗೆ ಸಹಾಯ ಮಾಡಬೇಕಾದರೆ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಇದೆ. ಇರುವುದಕ್ಕೆ ಕೈಜೋಡಿಸಿದರೆ ಕೆಲಸ ಆಗುವುದಾದರೆ ಹೊಸ ಬೋರ್ಡು ಬರೆಸುವ ಖರ್ಚು ಉಳಿಯಿತು. ಕೆರೆಯ ಕೆಲಸಕ್ಕೆ ಹೊರಟವರಿಗೆ ಇನ್ನೂ ಒಂದು ಎಚ್ಚರಿಕೆ: ಕೆರೆ ಊರಿನದು ಎನ್ನುವುದು ಪ್ರೀತಿಯ ಮಾತು, ದಾಖಲೆಯಲ್ಲಿ ಅದಕ್ಕೆ ಬೇರೆ ಒಡೆಯರಿರುತ್ತಾರೆ. ಅಚ್ಚುಕಟ್ಟು 40 ಹೆಕ್ಟೇರಿನ ಒಳಗಿದ್ದರೆ ಪಂಚಾಯತ್ ವ್ಯವಸ್ಥೆಗೆ, ಅದಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಗೆ ಸೇರುತ್ತದೆ. ಅನುಮತಿ ಕೈಗೆ ಬರದೆ ಒಂದು ಬುಟ್ಟಿ ಹೂಳನ್ನೂ ಎತ್ತುವಂತಿಲ್ಲ.

ಎರಡನೆಯದು, ನೋಂದಣಿಗೂ ಮೊದಲು ಕೆಲಸವನ್ನೇ ಆರು ತಿಂಗಳು ಮಾಡಿ ನೋಡುವುದು. ಮೇಷ್ಟ್ರ ಮನೆಯ ಪಡಸಾಲೆಯಲ್ಲಿ ವಾರಕ್ಕೆ ಮೂರು ಸಂಜೆ ಪಾಠ ನಡೆಯಲಿ. ಎಷ್ಟು ಮಕ್ಕಳು ಬಂದರು, ದೂರದ ಹಳ್ಳಿಯವರಿಗೆ ಕೊನೆ ಬಸ್ಸು ಸಿಗುತ್ತದೆಯೇ, ಹತ್ತು ಜನ ಗೆಳೆಯರಲ್ಲಿ ಮಳೆ ಬಂದ ದಿನವೂ ಹಾಜರಾದವರು ಯಾರು, ಇದೆಲ್ಲ ಬರೆದಿಡಿ. ಆರು ತಿಂಗಳಲ್ಲಿ ಹತ್ತು ಜನ ನಾಲ್ವರಾಗಿದ್ದರೆ ಅದು ನೋಂದಣಿಗೆ ಮೊದಲೇ ತಿಳಿದದ್ದು ಒಳ್ಳೆಯದಾಯಿತು.

ಸಂಘವೋ, ಟ್ರಸ್ಟೋ, ಕಂಪನಿಯೋ

ಕಾನೂನು ಕೊಡುವ ದಾರಿಗಳು ಮೂರು.

ಒಂದು, ಸಂಘ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ನೋಂದಣಿ. ಮೈಸೂರು ಸಂಸ್ಥಾನದಲ್ಲಿ 1904ರಷ್ಟು ಹಿಂದೆಯೇ ಇಂಥ ಕಾಯ್ದೆ ಬಂದಿತ್ತು. ಅದರ ಜಾಗಕ್ಕೆ ಬಂದದ್ದು ಇದು. 18 ವರ್ಷ ದಾಟಿದ ಕನಿಷ್ಠ 7 ಮಂದಿ ಸದಸ್ಯರು ಬೇಕು. ಸದಸ್ಯರು ಕಾರ್ಯಕಾರಿ ಸಮಿತಿಯನ್ನು ಆರಿಸುತ್ತಾರೆ, ಸಮಿತಿ ಸದಸ್ಯರಿಗೆ ಲೆಕ್ಕ ಒಪ್ಪಿಸುತ್ತದೆ. ಯುವಕ ಸಂಘ, ಮಹಿಳಾ ಮಂಡಳಿ, ಹಳೆಯ ವಿದ್ಯಾರ್ಥಿಗಳ ಸಂಘ ಇವೆಲ್ಲ ಹೆಚ್ಚಾಗಿ ಈ ದಾರಿಯಲ್ಲೇ ಬರುತ್ತವೆ.

ಎರಡು, ಸಾರ್ವಜನಿಕ ಟ್ರಸ್ಟ್. ಒಂದು ಆಸ್ತಿ ಅಥವಾ ಮೊತ್ತವನ್ನು ಒಂದು ಉದ್ದೇಶಕ್ಕೆ ಬಿಟ್ಟುಕೊಟ್ಟು, ಟ್ರಸ್ಟ್ ಪತ್ರ ಬರೆದು, ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸುವುದು. ಇಲ್ಲಿ ಚುನಾವಣೆ ಇಲ್ಲ. ಧರ್ಮದರ್ಶಿಗಳು ಆಯುಷ್ಯವಿಡೀ ಮುಂದುವರಿಯಬಹುದು. ಕುಟುಂಬವೊಂದು ಹಿರಿಯರ ಹೆಸರಲ್ಲಿ ವಿದ್ಯಾರ್ಥಿವೇತನ ಕೊಡಬೇಕೆಂದಿದ್ದರೆ ಇದು ಸಲೀಸು. ಊರೊಟ್ಟಿನ ಕೆಲಸಕ್ಕೆ ಮಾತ್ರ ‘ಇದು ಅವರ ಮನೆ ಟ್ರಸ್ಟು’ ಎಂಬ ಮಾತು ಬೇಗ ಹುಟ್ಟುತ್ತದೆ.

ಮೂರು, ಕಂಪನಿ ಕಾಯ್ದೆ, 2013ರ 8ನೇ ಕಲಮಿನ ಕಂಪನಿ. ಲಾಭ ಹಂಚದ ಕಂಪನಿ. ದೊಡ್ಡ ದಾನಿಗಳೊಂದಿಗೆ, ಹಲವು ರಾಜ್ಯಗಳಲ್ಲಿ ಕೆಲಸ ಮಾಡುವವರಿಗೆ ಒಗ್ಗುತ್ತದೆ. ಕಾಗದಪತ್ರದ ಕೆಲಸ, ಲೆಕ್ಕಪರಿಶೋಧಕರ ಖರ್ಚು ಎರಡೂ ಹೆಚ್ಚು. ಹೋಬಳಿ ಮಟ್ಟದ ಸಂಜೆಶಾಲೆಗೆ ಇದು ಆನೆ ಸಾಕಿದ ಹಾಗೆ.

ಇಲ್ಲೊಂದು ಗೊಂದಲ ಬಿಡಿಸಬೇಕು. ‘ಸಂಘ’ ಎಂದ ಕೂಡಲೇ ಹಳ್ಳಿಗಳಲ್ಲಿ ಹಾಲಿನ ಸೊಸೈಟಿ, ಪತ್ತಿನ ಸಂಘ ಕಣ್ಣ ಮುಂದೆ ಬರುತ್ತವೆ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆರಂಭಿಸಿದ ಪರಂಪರೆ ಅದು. ಅಲ್ಲಿ ಷೇರು ಇದೆ, ಲಾಭಾಂಶ ಇದೆ, ಕಾಯ್ದೆಯೂ ಬೇರೆ. ನಾವು ಮಾತಾಡುತ್ತಿರುವ ಸಂಘದಲ್ಲಿ ಸದಸ್ಯರಿಗೆ ಒಂದು ರೂಪಾಯಿಯೂ ಹಂಚಿಕೆಯಾಗುವುದಿಲ್ಲ. ಎರಡಕ್ಕೂ ಬಾಗಿಲು ಸಹಕಾರ ಇಲಾಖೆಯೇ ಆದ್ದರಿಂದ ಜನ ಒಂದೇ ಎಂದುಕೊಳ್ಳುತ್ತಾರೆ. ಹಾಗೆಯೇ, ‘ಲಾಭವಿಲ್ಲದ ಸಂಸ್ಥೆ’ ಎಂದರೆ ವರ್ಷದ ಕೊನೆಗೆ ದುಡ್ಡು ಉಳಿಯಲೇಬಾರದು ಎಂದಲ್ಲ. ಉಳಿಯಬಹುದು. ಉಳಿದದ್ದು ಯಾರ ಜೇಬಿಗೂ ಹೋಗದೆ ಉದ್ದೇಶಕ್ಕೇ ಹೋಗಬೇಕು, ಅಷ್ಟೇ.

ನಮ್ಮ ಹತ್ತು ಜನಕ್ಕೆ ಸಂಘವೇ ಸರಿ. ಕಾರಣ ಸರಳ: ಊರವರ ಚಂದಾ ಎತ್ತಬೇಕು, ಊರವರಿಗೆ ಲೆಕ್ಕ ಹೇಳಬೇಕು.

ಬೈಲಾ: ಜಗಳಕ್ಕೂ ಮೊದಲು ಬರೆಯುವ ತೀರ್ಪು

ಎರಡು ಕಾಗದ ಬೇಕು. ಒಂದು ಜ್ಞಾಪನ ಪತ್ರ, ರೂಢಿಯಲ್ಲಿ ಮೆಮೊರಾಂಡಂ. ಇದರಲ್ಲಿ ಸಂಘದ ಹೆಸರು, ಕಚೇರಿಯ ವಿಳಾಸ, ಉದ್ದೇಶಗಳು, ಮೊದಲ ಕಾರ್ಯಕಾರಿ ಸಮಿತಿಯ ಹೆಸರುಗಳು ಇರುತ್ತವೆ. ಇನ್ನೊಂದು ನಿಯಮ ನಿಬಂಧನೆ, ಎಲ್ಲರ ಬಾಯಲ್ಲಿ ಬೈಲಾ. ಪಕ್ಕದೂರಿನ ಸಂಘದ ಬೈಲಾವನ್ನು ಜೆರಾಕ್ಸ್ ಮಾಡಿಸಿ ಹೆಸರು ಬದಲಿಸುವುದು ಸಾಮಾನ್ಯ ಪದ್ಧತಿ. ಸಮಸ್ಯೆ ಬಂದ ದಿನ ಬೈಲಾ ತೆರೆದು ನೋಡಿದಾಗಲೇ ಅದು ಕ್ರಿಕೆಟ್ ಕ್ಲಬ್ಬಿನದು ಎಂದು ಗೊತ್ತಾಗುವುದು.

ಉದ್ದೇಶಗಳನ್ನು ಬರೆಯುವಾಗ ತೀರ ಕಿರಿದೂ ಬೇಡ, ‘ಸಮಾಜದ ಸರ್ವಾಂಗೀಣ ಉನ್ನತಿ’ ಎಂಬಷ್ಟು ಅಗಲವೂ ಬೇಡ. ವಿದ್ಯೆ, ಗ್ರಂಥಾಲಯ, ವಿದ್ಯಾರ್ಥಿವೇತನ, ಮಕ್ಕಳ ಆರೋಗ್ಯ ಎಂದು ನಾಲ್ಕು ಸಾಲು ಸಾಕು. ತೆರಿಗೆ ವಿನಾಯಿತಿ ಬೇಕಿದ್ದರೆ ಇಲ್ಲಿ ಇನ್ನೊಂದು ಕಣ್ಣು ಇಡಬೇಕು. ಒಂದೇ ಜಾತಿ ಅಥವಾ ಒಂದೇ ಧರ್ಮದವರ ಅನುಕೂಲಕ್ಕೆ ಎಂದು ಬರೆದ ದತ್ತಿ ಸಂಸ್ಥೆಗೆ ಆದಾಯ ತೆರಿಗೆ ಕಾನೂನು ವಿನಾಯಿತಿ ಕೊಡುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಮಹಿಳೆಯರು, ಮಕ್ಕಳಿಗಾಗಿ ಇದ್ದರೆ ಆ ಅಡ್ಡಿ ಇಲ್ಲ.

ಬೈಲಾದಲ್ಲಿ ಉತ್ತರ ಇರಲೇಬೇಕಾದ ಪ್ರಶ್ನೆಗಳು ಇವು:

- ಯಾರು ಸದಸ್ಯರಾಗಬಹುದು, ಶುಲ್ಕ ಎಷ್ಟು, ಕಟ್ಟದಿದ್ದರೆ ಎಷ್ಟು ತಿಂಗಳಿಗೆ ಸದಸ್ಯತ್ವ ಹೋಗುತ್ತದೆ?
- ಸಮಿತಿಯಲ್ಲಿ ಎಷ್ಟು ಮಂದಿ? ಅವಧಿ ಎಷ್ಟು ವರ್ಷ? ಒಬ್ಬರೇ ಒಂದೇ ಸ್ಥಾನದಲ್ಲಿ ಎಷ್ಟು ಅವಧಿ ಕೂರಬಹುದು?
- ಒಂದೇ ಮನೆಯಿಂದ ಎಷ್ಟು ಜನ ಸಮಿತಿಯಲ್ಲಿರಬಹುದು?
- ಸಭೆಗೆ ಎಷ್ಟು ದಿನ ಮುಂಚೆ ನೋಟಿಸು? ಕೋರಂ ಎಷ್ಟು? ಕೋರಂ ಇಲ್ಲದಿದ್ದರೆ ಮುಂದೇನು?
- ಚೆಕ್ಕಿಗೆ ಯಾರು ಯಾರ ಸಹಿ? ಖಜಾಂಚಿ ಕೈಯಲ್ಲಿ ಎಷ್ಟು ನಗದು ಇಟ್ಟುಕೊಳ್ಳಬಹುದು?
- ಸತತ ಮೂರು ಸಭೆಗೆ ಬಾರದ ಸಮಿತಿ ಸದಸ್ಯರನ್ನು ಏನು ಮಾಡುವುದು?
- ಸಂಘ ಮುಚ್ಚಿದರೆ ಆಸ್ತಿ ಎಲ್ಲಿಗೆ?

ಕೊನೆಯ ಪ್ರಶ್ನೆಗೆ ಉತ್ತರ ಒಂದೇ: ಇದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕು, ಸದಸ್ಯರು ಹಂಚಿಕೊಳ್ಳುವಂತಿಲ್ಲ. ಈ ಸಾಲು ಇಲ್ಲದ ಬೈಲಾ ಹಿಡಿದುಕೊಂಡು ತೆರಿಗೆ ವಿನಾಯಿತಿ ಕೇಳಲು ಹೋದವರು ತಿದ್ದುಪಡಿಗೆ ಮತ್ತೆ ನೋಂದಣಿ ಕಚೇರಿಯ ಮೆಟ್ಟಿಲು ಹತ್ತುತ್ತಾರೆ. ಬೈಲಾ ತಿದ್ದುಪಡಿ ಸಭೆಯಲ್ಲಿ ಒಪ್ಪಿಗೆಯಾದರೆ ಸಾಲದು, ನೋಂದಣಾಧಿಕಾರಿಯ ಕಡತಕ್ಕೂ ಸೇರಬೇಕು.

ನೋಂದಣಿಯ ದಿನ

ಹೆಸರಿನಿಂದ ಶುರು. ಜಿಲ್ಲೆಯಲ್ಲಿ ಈಗಾಗಲೇ ಇರುವ ಸಂಘದ ಹೆಸರನ್ನು ಹೋಲುವಂತಿರಬಾರದು. ಸರ್ಕಾರಿ ಸಂಸ್ಥೆ ಎಂಬ ಭ್ರಮೆ ಹುಟ್ಟಿಸುವ ಹೆಸರುಗಳಿಗೆ 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ತಡೆ ಹಾಕುತ್ತದೆ. ಎರಡು ಮೂರು ಹೆಸರು ಯೋಚಿಸಿಟ್ಟುಕೊಂಡು ಹೋಗುವುದು ಜಾಣತನ.

ಸ್ಥಾಪನಾ ಸಭೆ ನಡೆಸಿ, ನಡಾವಳಿ ಬರೆದು, ಎಲ್ಲರ ಸಹಿ ಹಾಕಿಸಿ. ಸದಸ್ಯರ ಗುರುತಿನ ಚೀಟಿ ಮತ್ತು ವಿಳಾಸದ ದಾಖಲೆ, ಕಚೇರಿ ಇರುವ ಕಟ್ಟಡದ ಕಂದಾಯ ರಸೀದಿ ಅಥವಾ ಬಾಡಿಗೆ ಕರಾರು, ಮಾಲೀಕರ ಒಪ್ಪಿಗೆ ಪತ್ರ, ಮೆಮೊರಾಂಡಂ, ಬೈಲಾ ಇಷ್ಟನ್ನು ಜೋಡಿಸಿಕೊಳ್ಳಿ. ಸಲ್ಲಿಸಬೇಕಾದದ್ದು ಸಹಕಾರ ಇಲಾಖೆಯ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ. ಸಖರಾಯಪಟ್ಟಣ, ತರೀಕೆರೆ, ಅಜ್ಜಂಪುರದವರಿಗೆಲ್ಲ ಜಿಲ್ಲಾ ಕೇಂದ್ರ ಚಿಕ್ಕಮಗಳೂರು. ಅರ್ಜಿ ಈಗ ಆನ್‌ಲೈನಿನಲ್ಲೇ ಸಾಗುತ್ತದೆ. ಸ್ಥಾಪಕರಲ್ಲಿ ಸರ್ಕಾರಿ ನೌಕರರಿದ್ದರೆ ನಡತೆ ನಿಯಮಗಳನ್ನು ನೋಡಿ, ಅಗತ್ಯವಿದ್ದರೆ ಇಲಾಖೆಯ ಅನುಮತಿ ಪಡೆದೇ ಹೆಸರು ಹಾಕಿಸಲಿ. ಆಮೇಲೆ ಯಾರೋ ಮೂಗರ್ಜಿ ಹಾಕಿದರೆ ಪಾಪ ಅವರ ಬಡ್ತಿಗೆ ಅಡ್ಡಿ.

ನೋಂದಣಿ ಪತ್ರ ಬಂದ ಮೇಲೆ ಸಂಘದ ಹೆಸರಿಗೆ ಪಾನ್ ಕಾರ್ಡು, ಆಮೇಲೆ ಬ್ಯಾಂಕ್ ಖಾತೆ. ಖಾತೆಗೆ ಇಬ್ಬರ ಜಂಟಿ ಸಹಿ ಇರಲಿ, ಆ ಇಬ್ಬರು ಗಂಡ ಹೆಂಡತಿಯೋ ಅಣ್ಣ ತಮ್ಮನೋ ಆಗದಿರಲಿ. ಅಂಗಡಿ ಗೋಡೆಗೆ ಅಂಟಿಸುವ ಕ್ಯೂಆರ್ ಕೋಡು ಸಂಘದ ಖಾತೆಯದೇ ಆಗಿರಬೇಕು. ‘ಸದ್ಯಕ್ಕೆ ನನ್ನ ಫೋನ್‌ಪೇಗೆ ಹಾಕಿ, ಆಮೇಲೆ ವರ್ಗಾಯಿಸುತ್ತೇನೆ’ ಎಂಬ ಒಂದು ಮಾತಿನಿಂದ ಎಷ್ಟೋ ಸ್ನೇಹಗಳು ಮುರಿದಿವೆ. ದುಡ್ಡು ತಿಂದಿರಬೇಕೆಂದೇನೂ ಇಲ್ಲ, ಅನುಮಾನ ಸಾಕು.

ಒಂದು ವರ್ಷಕ್ಕೆ ಎಷ್ಟು ಬೇಕು?

ಸಂಜೆಶಾಲೆಯ ಲೆಕ್ಕವನ್ನೇ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮೂರಿನ ದರ ಹಾಕಿಕೊಂಡು ಕೂಡಿ.

ಕೋಣೆಯ ಬಾಡಿಗೆ ತಿಂಗಳಿಗೆ 3,000 ರೂ. ಎಂದರೆ ವರ್ಷಕ್ಕೆ 36,000. ಇಬ್ಬರು ಪಾಠ ಹೇಳುವವರಿಗೆ ತಲಾ 5,000 ರೂ. ಗೌರವಧನ, ಹತ್ತು ತಿಂಗಳು: 1,00,000. ಕರೆಂಟು, ಪತ್ರಿಕೆ, ಸೀಮೆಸುಣ್ಣ, ಪುಸ್ತಕ ತಿಂಗಳಿಗೆ 1,500: 18,000. ಲೆಕ್ಕಪರಿಶೋಧನೆ ಮತ್ತು ವರದಿ ಸಲ್ಲಿಕೆ: 12,000. ಬಿಡಿ ಖರ್ಚು: 14,000. ಒಟ್ಟು 1,80,000 ರೂ.

ಇದನ್ನು ತರುವುದು ಹೇಗೆ? ಒಬ್ಬ ದೊಡ್ಡ ಮನುಷ್ಯರ ಮನೆಗೆ ಹೋಗಿ ಪೂರ್ತಿ ಬೇಡಬಹುದು. ಕೊಟ್ಟರೆ ಆ ವರ್ಷ ನಡೆಯಿತು. ಮುಂದಿನ ವರ್ಷ ಚುನಾವಣೆ ಬಂದರೆ ಕೋಣೆಯ ಗೋಡೆಯ ಮೇಲೆ ಅವರ ಭಾವಚಿತ್ರ ಬರುತ್ತದೆ, ಅದರ ಮರುವರ್ಷ ಅವರ ಎದುರಾಳಿಯ ಕಡೆಯ ಮಕ್ಕಳು ಬರುವುದನ್ನು ನಿಲ್ಲಿಸುತ್ತಾರೆ. ಇನ್ನೊಂದು ದಾರಿ: ತಿಂಗಳಿಗೆ 100 ರೂ. ಕೊಡುವ 150 ಜನ. ನೂರು ಗುಣಿಸು ನೂರೈವತ್ತು, ಗುಣಿಸು ಹನ್ನೆರಡು, ಸರಿಯಾಗಿ 1,80,000. ಓಡಾಟ ಹೆಚ್ಚು ನಿಜ. ಹತ್ತು ಸದಸ್ಯರು ತಲಾ ಹದಿನೈದು ಮನೆ ಹಂಚಿಕೊಂಡರೆ ಅದೂ ಹಗುರ. ಅದಕ್ಕಿಂತ ಮುಖ್ಯವಾದದ್ದು, ಆ 150 ಜನರಲ್ಲಿ ಹತ್ತು ಮಂದಿ ಬಿಟ್ಟರೂ ಶಾಲೆ ನಿಲ್ಲುವುದಿಲ್ಲ. ನೂರು ರೂಪಾಯಿ ಕೊಟ್ಟವರು ದಾರಿಯಲ್ಲಿ ಸಿಕ್ಕಾಗ ‘ಪಾಠ ಹೇಗೆ ನಡೀತಿದೆ ಮೇಷ್ಟ್ರೇ?’ ಎಂದು ಕೇಳುತ್ತಾರೆ. ಯಾವ ಲೆಕ್ಕಪರಿಶೋಧಕರೂ ಮಾಡದ ತಪಾಸಣೆ ಅದು.

ಬಿತ್ತುವಟ್ಟದ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಇಂದಿನ ಮಾತಿನಲ್ಲಿ ಅದು ಮೂಲಧನ: ಖರ್ಚು ಮಾಡದೆ, ಬ್ಯಾಂಕಿನಲ್ಲಿ ಠೇವಣಿಯಿಟ್ಟು, ಬಡ್ಡಿಯನ್ನಷ್ಟೇ ಬಳಸುವ ಹಣ. ಶೇಕಡ 6ರ ಬಡ್ಡಿ ಎಂದು ಹಿಡಿದರೆ 6 ಲಕ್ಷ ರೂ. ಮೂಲಧನ ವರ್ಷಕ್ಕೆ 36,000 ತರುತ್ತದೆ, ಅಂದರೆ ಕೋಣೆಯ ಬಾಡಿಗೆ ಪೂರ್ತಿ. ತಂದೆತಾಯಿಯ ನೆನಪಿಗೆ ಏನಾದರೂ ಕೊಡಬೇಕು ಎಂದು ಬರುವವರಿಗೆ ಗೋಡೆ ಗಡಿಯಾರದ ಬದಲು ಇದನ್ನು ತೋರಿಸಿ. ಮೂಲಧನಕ್ಕೆಂದು ಕೊಡುವವರು ಹಾಗೆಂದು ಬರೆದುಕೊಡಬೇಕು. ಆ ಪತ್ರವನ್ನು ಜೋಪಾನ ಮಾಡಬೇಕು.

12ಎ, 80ಜಿ ಮತ್ತು ಇತರ ಮಂತ್ರಗಳು

ಸಂಘ ನೋಂದಣಿಯಾದ ಮಾತ್ರಕ್ಕೆ ತೆರಿಗೆ ವಿನಾಯಿತಿ ಬರುವುದಿಲ್ಲ. ಅದು ಬೇರೆ ಇಲಾಖೆ, ಬೇರೆ ಅರ್ಜಿ. 12ಎ ಎಂದು ರೂಢಿಯಾದ ನೋಂದಣಿ ಸಂಘದ ಆದಾಯಕ್ಕೆ ವಿನಾಯಿತಿ ಕೊಡುತ್ತದೆ. 80ಜಿ ಎಂದು ರೂಢಿಯಾದ ಅನುಮೋದನೆ ದಾನ ಕೊಟ್ಟವರಿಗೆ ರಿಯಾಯಿತಿ ಕೊಡುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುವಂತೆ ಮಾಡಿ ಕಲಮುಗಳ ಸಂಖ್ಯೆಯನ್ನೆಲ್ಲ ಬದಲಿಸಲಾಗಿದೆ. ಜನರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿಯುವಂತಿದೆ. ಹೊಸ ಸಂಸ್ಥೆಗೆ ಮೊದಲು 3 ವರ್ಷದ ತಾತ್ಕಾಲಿಕ ನೋಂದಣಿ. ಕೆಲಸ ಆರಂಭಿಸಿದ ಮೇಲೆ ಕಾಯಂ ನೋಂದಣಿಗೆ ಅರ್ಜಿ ಹಾಕಬೇಕು. ಕಾಯಂ ಎಂದರೂ ಅದು ಸಾಮಾನ್ಯವಾಗಿ 5 ವರ್ಷಕ್ಕೆ. ಸಣ್ಣ ಸಂಸ್ಥೆಗಳಿಗೆ 12ಎ ನೋಂದಣಿ 10 ವರ್ಷ ಸಿಗುವಂತೆ 2025ರಲ್ಲಿ ಸಡಿಲಿಸಲಾಯಿತು. ಗಡುವಿನ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ.

ವಿನಾಯಿತಿಗೆ ಷರತ್ತು ಇದೆ: ವರ್ಷದ ಆದಾಯದ ಶೇಕಡ 85ನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು. 2 ಲಕ್ಷ ಬಂದರೆ 1,70,000 ಖರ್ಚಾಗಬೇಕು, 30,000 ಉಳಿಸಿಕೊಳ್ಳಬಹುದು. ಸಮಿತಿಯವರಿಗೆ ಅಥವಾ ಅವರ ನೆಂಟರಿಗೆ ಮಾರುಕಟ್ಟೆ ದರಕ್ಕಿಂತ ಹೆಚ್ಚು ಬಾಡಿಗೆಯನ್ನೋ ಸಂಬಳವನ್ನೋ ಕೊಟ್ಟರೆ ವಿನಾಯಿತಿಗೇ ಕುತ್ತು. ಅಧ್ಯಕ್ಷರ ಮಾವನ ಕಟ್ಟಡ ಬಾಡಿಗೆಗೆ ಹಿಡಿಯಲೇಬಾರದು ಎಂದಲ್ಲ. ಪಕ್ಕದ ಕಟ್ಟಡದ ದರ ಎಷ್ಟು ಎಂದು ವಿಚಾರಿಸಿ, ಅಧ್ಯಕ್ಷರು ಆ ಠರಾವಿನ ಹೊತ್ತಿಗೆ ಹೊರಗೆ ಕೂತು, ಅದನ್ನೆಲ್ಲ ನಡಾವಳಿಯಲ್ಲಿ ಬರೆದಿಟ್ಟರೆ ಯಾರೂ ಬೆರಳು ತೋರಿಸಲಾರರು.

80ಜಿ ಬಗ್ಗೆ ದಾನಿಗಳಿಗೆ ನಿಜ ಹೇಳಿ. 2,000 ರೂ. ಮೀರಿದ ನಗದು ದಾನಕ್ಕೆ ರಿಯಾಯಿತಿ ಇಲ್ಲ. ತೆರಿಗೆಯ ಹೊಸ ಪದ್ಧತಿ ಆರಿಸಿಕೊಂಡವರಿಗೂ ಇದರ ಪ್ರಯೋಜನವಿಲ್ಲ. ವರ್ಷದ ದಾನಗಳ ಪಟ್ಟಿಯನ್ನು ಮುಂದಿನ ಮೇ 31ರೊಳಗೆ ಇಲಾಖೆಗೆ ಸಲ್ಲಿಸಿ, ದಾನಿಗಳಿಗೆ ಪ್ರಮಾಣಪತ್ರ ಕೊಡುವುದು ಸಂಘದ ಹೊಣೆ.

ಸರ್ಕಾರಿ ಅನುದಾನಕ್ಕೆ ಕೈಚಾಚುವವರು ನೀತಿ ಆಯೋಗದ ‘ದರ್ಪಣ್’ ಪೋರ್ಟಲಿನಲ್ಲಿ ನೋಂದಾಯಿಸಿಕೊಂಡು ಒಂದು ಗುರುತು ಸಂಖ್ಯೆ ಪಡೆಯಬೇಕಾಗುತ್ತದೆ. ಕಂಪನಿಗಳ ಸಿಎಸ್‌ಆರ್ ಹಣ ಇನ್ನೂ ಬೇರೆ. 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲೊಂದು ಮುಟ್ಟಿದ ಕಂಪನಿ ತನ್ನ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡ 2ನ್ನು ಸಮಾಜದ ಕೆಲಸಕ್ಕೆ ಕೊಡಬೇಕೆಂದು ಕಾನೂನು. ಆ ಹಣ ಪಡೆಯಲು ಸಂಘಕ್ಕೆ 12ಎ, 80ಜಿ ಜೊತೆಗೆ ಸಾಮಾನ್ಯವಾಗಿ ಮೂರು ವರ್ಷ ಕೆಲಸ ಮಾಡಿದ ದಾಖಲೆ ಬೇಕು. ಹಾಗಾಗಿ ಮೊದಲ ಮೂರು ವರ್ಷ ಊರಿನ ನೂರು ರೂಪಾಯಿಯೇ ಗತಿ. ಅದು ಒಳ್ಳೆಯದೇ.

ಕಡಲಾಚೆಯ ದುಡ್ಡು

ನಮ್ಮೂರಿನ ಹುಡುಗಿ ಅಮೆರಿಕದಲ್ಲಿದ್ದಾಳೆ, ಸಂಜೆಶಾಲೆಗೆ ಐನೂರು ಡಾಲರ್ ಕಳಿಸುತ್ತಾಳಂತೆ. ತೆಗೆದುಕೊಳ್ಳಬಹುದೇ? ಉತ್ತರ ಅವಳ ಪಾಸ್‌ಪೋರ್ಟಿನಲ್ಲಿದೆ. ಭಾರತದ ಪೌರತ್ವ ಇಟ್ಟುಕೊಂಡೇ ಅಲ್ಲಿ ದುಡಿಯುತ್ತಿದ್ದರೆ, ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ, ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡು ಇದ್ದರೂ, ಕಾನೂನಿನ ಕಣ್ಣಿಗೆ ಅದು ವಿದೇಶಿ ಮೂಲ. ಆಗ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು.

ಆ ನೋಂದಣಿಗೆ ಸಂಸ್ಥೆ ಮೂರು ವರ್ಷ ಹಳೆಯದಾಗಿರಬೇಕು, ಆ ಮೂರು ವರ್ಷದಲ್ಲಿ ತನ್ನ ಉದ್ದೇಶಕ್ಕೆ ಕನಿಷ್ಠ 15 ಲಕ್ಷ ರೂ. ಖರ್ಚು ಮಾಡಿರಬೇಕು. 2020ರ ತಿದ್ದುಪಡಿಯ ನಂತರ ಹಣ ಮೊದಲು ಬಂದಿಳಿಯಬೇಕಾದ್ದು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ. ಆಡಳಿತ ವೆಚ್ಚ ಶೇಕಡ 20 ಮೀರುವಂತಿಲ್ಲ. ವರ್ಷಕ್ಕೆ 1,80,000 ಖರ್ಚಿನ ಸಂಘಕ್ಕೆ ಈ ಬಾಗಿಲು ಸದ್ಯಕ್ಕೆ ಮುಚ್ಚಿದೆ. ಪ್ರೀತಿಯಿಂದ ಬಂದ ಹಣವನ್ನು ‘ಇರಲಿ ಬಿಡು’ ಎಂದು ಖಾತೆಗೆ ಹಾಕಿಸಿಕೊಂಡರೆ ಅಪರಾಧವಾಗುತ್ತದೆ. ಅವಳು ರಜೆಗೆ ಬಂದಾಗ ಮಕ್ಕಳಿಗೆ ಒಂದು ವಾರ ಪಾಠ ಹೇಳಲಿ. ಅದಕ್ಕೆ ಯಾವ ಕಾಯ್ದೆಯ ಅಡ್ಡಿಯೂ ಇಲ್ಲ.

ವರ್ಷದ ಹೂಳೆತ್ತುವ ಕೆಲಸ

ನೋಂದಣಿ ಒಂದು ದಿನದ ಕೆಲಸ. ಸಂಘ ನಡೆಸುವುದು ಎಂದರೆ ಈ ಕೆಳಗಿನದನ್ನು ಪ್ರತಿವರ್ಷ, ಬೇಸರವಿಲ್ಲದೆ ಮಾಡುವುದು.

ಪ್ರತಿದಿನ: ಬಂದ ಹಣಕ್ಕೆ ಕ್ರಮಸಂಖ್ಯೆಯ ರಸೀದಿ, ಹೋದ ಹಣಕ್ಕೆ ಓಚರ್, ಎರಡೂ ಅದೇ ದಿನ ನಗದು ಪುಸ್ತಕದಲ್ಲಿ.

ಪ್ರತಿ ತಿಂಗಳು: ಕಾರ್ಯಕಾರಿ ಸಮಿತಿ ಸಭೆ. ಖಜಾಂಚಿ ಬ್ಯಾಂಕ್ ಪಾಸ್‌ಬುಕ್ ತೆರೆದು ತೋರಿಸುವುದು. ಠರಾವುಗಳನ್ನು ಸಭೆಯಲ್ಲೇ ಬರೆದು ಸಹಿ ಮಾಡುವುದು. ಮನೆಗೆ ಒಯ್ದು ಬರೆದ ನಡಾವಳಿಯಲ್ಲಿ ನೆನಪಿಗಿಂತ ಆಸೆ ಹೆಚ್ಚಿರುತ್ತದೆ.

ಮಾರ್ಚ್ 31ಕ್ಕೆ: ಲೆಕ್ಕ ಮುಚ್ಚುವುದು. ಆಮೇಲೆ ಲೆಕ್ಕಪರಿಶೋಧನೆ, ಆದಾಯ ತೆರಿಗೆ ವಿವರ ಸಲ್ಲಿಕೆ.

ವರ್ಷಕ್ಕೊಮ್ಮೆ: ಸರ್ವ ಸದಸ್ಯರ ವಾರ್ಷಿಕ ಸಭೆ. ಸಭೆ ನಡೆದ 14 ದಿನದೊಳಗೆ ಹೊಸ ಸಮಿತಿಯ ಪಟ್ಟಿ ಮತ್ತು ಪರಿಶೋಧಿತ ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಕಾಯ್ದೆಯ 13ನೇ ಕಲಮು ಇದು. ಹೆಚ್ಚಿನ ಸಂಘಗಳು ಎಡವುವುದೂ ಇಲ್ಲೇ. ಸಲ್ಲಿಸದೆ ವರ್ಷಗಟ್ಟಲೆ ಬಿಟ್ಟರೆ ಕೆಲಸ ಎಷ್ಟೇ ಚೆನ್ನಾಗಿದ್ದರೂ ಕಾಗದದಲ್ಲಿ ಸಂಘ ಸತ್ತಂತೆ. ಬ್ಯಾಂಕಿನವರು ಸಹಿ ಬದಲಾಯಿಸಲು ಒಪ್ಪುವುದಿಲ್ಲ, ದಾನಿಗಳು ಹಿಂದೆ ಸರಿಯುತ್ತಾರೆ, ನೋಂದಣಿ ರದ್ದಾಗುವ ಮಟ್ಟಕ್ಕೂ ಹೋಗಬಹುದು.

ವಾರ್ಷಿಕ ಸಭೆ ನಮಗೆ ಹೊಸದೇನಲ್ಲ. ಜಾತ್ರೆ ಮುಗಿದ ಮೇಲೆ ದೇವಸ್ಥಾನದ ಕಟ್ಟೆಯಲ್ಲಿ ಕೂತು ವಂತಿಗೆ ಎಷ್ಟು ಬಂತು, ಹೂವಿಗೆಷ್ಟು, ಓಲಗದವರಿಗೆಷ್ಟು ಎಂದು ಓದಿ ಹೇಳುವ ವಾಡಿಕೆ ಎಷ್ಟೋ ಊರಲ್ಲಿದೆ. ಹಿಂದಿನ ಸಾಲಿನಿಂದ ಯಾರೋ ಅಜ್ಜ ‘ಹೋದ ವರ್ಷ ಉಳಿದದ್ದು ಏನಾಯ್ತಪ್ಪ?’ ಎಂದು ಕೇಳುತ್ತಾರೆ. ಸಂಘದ ಲೆಕ್ಕವನ್ನೂ ಹಾಗೆಯೇ, ಆಡಿಟರ್ ಭಾಷೆಯಲ್ಲಲ್ಲ, ಕಟ್ಟೆಯ ಭಾಷೆಯಲ್ಲಿ ಓದಿ. ಒಂದು ಹಾಳೆಯಲ್ಲಿ ಬರೆದು ಕೋಣೆಯ ಬಾಗಿಲಿಗೂ ಅಂಟಿಸಿ.

ಮಕ್ಕಳೊಂದಿಗೆ ಕೆಲಸ ಮಾಡುವ ಸಂಘಕ್ಕೆ ಇನ್ನೊಂದು ಹೊಣೆ. ಪಾಲಕರ ಒಪ್ಪಿಗೆ ಪತ್ರ ಇರಲಿ. ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಲಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ‘ಊರಿನ ಮರ್ಯಾದೆ’ ಎಂದು ಒಳಗೇ ಮುಚ್ಚುವ ಅಧಿಕಾರ ಯಾವ ಸಮಿತಿಗೂ ಇಲ್ಲ.

ಜಗಳ ಬಂದೇ ಬರುತ್ತದೆ

ಸಾಮಾನ್ಯವಾಗಿ ಜಗಳ ಹುಟ್ಟುವುದು ದುಡ್ಡು ಕಡಿಮೆಯಿದ್ದಾಗ ಅಲ್ಲ, ನಿವೇಶನ ಸಿಕ್ಕಿದಾಗ. ಬಾಡಿಗೆ ಕೋಣೆಯಲ್ಲಿ ಒಟ್ಟಿಗೆ ಚಾಪೆ ಹಾಸಿದವರು ಸ್ವಂತ ಕಟ್ಟಡದ ಶಿಲಾಫಲಕದಲ್ಲಿ ಹೆಸರಿನ ಕ್ರಮಕ್ಕೆ ಮಾತು ಬಿಡುತ್ತಾರೆ. ಆಸ್ತಿ ಸಂಘದ ಹೆಸರಲ್ಲಿ ನೋಂದಣಿಯಾಗಲಿ, ಅಧ್ಯಕ್ಷರ ಹೆಸರಲ್ಲಿ ಬೇಡ.

ಬೈಲಾ ಪ್ರಕಾರ ಸಭೆ ಕರೆದು ಬಗೆಹರಿಸಿಕೊಳ್ಳುವುದು ಮೊದಲ ದಾರಿ. ಆಗದಿದ್ದರೆ 25ನೇ ಕಲಮಿನ ಕೆಳಗೆ ನೋಂದಣಾಧಿಕಾರಿ ವಿಚಾರಣೆ ನಡೆಸಬಹುದು. ತಾವಾಗಿಯೂ ನಡೆಸಬಹುದು, ಸಮಿತಿಯ ಬಹುಮತ ಅಥವಾ ಸದಸ್ಯರಲ್ಲಿ ಮೂರನೇ ಒಂದು ಭಾಗ ಕೇಳಿಕೊಂಡರೆ ನಡೆಸಲೇಬೇಕು. ಅದೂ ಮೀರಿದರೆ 27-ಎ ಕಲಮಿನಂತೆ ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸಬಹುದು. ಆಡಳಿತಾಧಿಕಾರಿ ಬಂದ ಸಂಘದಲ್ಲಿ ಕಡತ ನಡೆಯುತ್ತದೆ, ಪಾಠ ನಿಲ್ಲುತ್ತದೆ.

ಹೆಗ್ಗೋಡಿನ ಹಳ್ಳಿ ಸಂಘ

ಹಳ್ಳಿಯ ಸಂಘ ಎಷ್ಟು ದೂರ ಹೋಗಬಹುದು ಎಂದು ನೋಡಲು ಪಕ್ಕದ ಶಿವಮೊಗ್ಗ ಜಿಲ್ಲೆಗೆ ಹೋದರೆ ಸಾಕು. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ನಾಟಕದ ಹುಚ್ಚಿನ ಕೆಲವರು ‘ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ’ ಕಟ್ಟಿದರು. ಅದೇ ನೀನಾಸಮ್. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರು ಆಗ ಹದಿಹರೆಯದವರು. ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ, ಊರೂರು ಸುತ್ತುವ ‘ತಿರುಗಾಟ’ 1985ರಲ್ಲಿ. ಅಂದರೆ ಹವ್ಯಾಸದ ಸಂಘವೊಂದು ಶಾಲೆಯಾಗಲು ಮೂವತ್ತು ವರ್ಷ ಹಿಡಿಯಿತು. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು 1991ರಲ್ಲಿ. ಅವರು 2005ರಲ್ಲಿ ತೀರಿಕೊಂಡರು. ತಿರುಗಾಟ ನಿಲ್ಲಲಿಲ್ಲ. ಸಂಸ್ಥೆ ಎಂಬ ಮಾತಿನ ಅರ್ಥ ತಿಳಿಯಲು ನಾನು ನೋಡುವುದು ಆ ಪ್ರಶಸ್ತಿಯನ್ನಲ್ಲ, 2005ರ ನಂತರದ ವರ್ಷಗಳನ್ನು.

ಅಯ್ಯನಕೆರೆಯ ಬಗ್ಗೆ ಒಂದು ಐತಿಹ್ಯವಿದೆ. ಒಮ್ಮೆ ಏರಿ ಒಡೆಯುವ ಹಾಗಾಯಿತು. ಕೆರೆಯ ದೇವತೆ, ಕೆರೆ ಕಾಯುವ ನೀರುಗಂಟಿಗೆ ಕಾಣಿಸಿಕೊಂಡು ತಾನು ಹೊರಡುವುದಾಗಿ ಹೇಳಿದಳು. ‘ಅರಸರಿಗೆ ತಿಳಿಸಿ ಬರುತ್ತೇನೆ, ನಾನು ಮರಳುವವರೆಗೆ ನಿಲ್ಲು ತಾಯಿ’ ಎಂದು ಬೇಡಿಕೊಂಡು ಅವನು ಓಡಿದ. ದೇವತೆ ಮಾತು ಕೊಟ್ಟಳು. ಸುದ್ದಿ ಕೇಳಿದ ಅರಸ, ಇವನು ಮರಳದಿದ್ದರೆ ಏರಿ ಒಡೆಯಲಾರದು ಎಂದು ಲೆಕ್ಕ ಹಾಕಿ ಅವನನ್ನು ಕೊಲ್ಲಿಸಿದ. ಕೆರೆ ಉಳಿಯಿತು.

ಎಷ್ಟೋ ಸಂಘಗಳು ಹೀಗೆಯೇ ಉಳಿದುಕೊಂಡಿವೆ. ಒಬ್ಬ ಕಾರ್ಯದರ್ಶಿ ತನ್ನ ಸಂಜೆ, ತನ್ನ ಸಂಬಳ, ತನ್ನ ಆರೋಗ್ಯ ಎಲ್ಲವನ್ನೂ ಹಾಕಿ ಏರಿ ಹಿಡಿದು ನಿಂತಿರುತ್ತಾನೆ. ಉಳಿದವರು ವಾರ್ಷಿಕೋತ್ಸವದಲ್ಲಿ ಅವನಿಗೊಂದು ಶಾಲು ಹೊದಿಸುತ್ತಾರೆ. ಬೈಲಾ, ಅವಧಿಯ ಮಿತಿ, ಎರಡು ಸಹಿ, ನೂರು ರೂಪಾಯಿಯ ನೂರೈವತ್ತು ಮನೆ, ಬಾಗಿಲಿಗೆ ಅಂಟಿಸಿದ ಲೆಕ್ಕದ ಹಾಳೆ, ಈ ಒಣ ಏರ್ಪಾಡುಗಳೆಲ್ಲ ಇರುವುದು ಯಾವ ನೀರುಗಂಟಿಯೂ ಬಲಿಯಾಗದೆ ಕೆರೆ ಉಳಿಯಲಿ ಎಂದು. ಇವತ್ತು ರಾತ್ರಿ ಪಾಠ ಮುಗಿದ ಮೇಲೆ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ ನೋಡಿ. ಒಬ್ಬರ ಹತ್ತಿರವೇ ಇದ್ದರೆ, ನಾಳೆ ಬೆಳಿಗ್ಗೆ ಇನ್ನೊಂದು ಮಾಡಿಸಿ.